ನಮ್ಮ ನಡುಗಡ್ಡೆ

ತೋಟದ ಮನೆ, ಸವದತ್ತಿ
ಸೋಮವಾರ

ಪ್ರೀತಿಯ ರಾಚಕ್ಕ,

ಹೋದ ವಾರ ಕಾಲುವೆಗೆ ಹಿನ್ನೀರು ನುಗ್ಗಿದ್ದನ್ನು ಆಚೆ ದಂಡೆಯಿಂದ ನೀವೂ ನೋಡಿದಿರಲ್ಲ? ನನಗಂತೂ ಕುಣಿಯುವಷ್ಟು ಖುಷಿಯಾಯಿತು. ಹನಿಮೂನಿಗೆ ಅಂಡಮಾನಿಗೆ ಹೋಗಿದ್ದಾಗ, ನಮಗೂ ಒಂದು ನಡುಗಡ್ಡೆ ಇದ್ದರೆ ಎಷ್ಟು ಚೆಂದ ಎಂದಿದ್ದೆ. ಮೂರು ಕಡೆ ಮಲಪ್ರಭೆಯ ನೀರಿರುವ ನಿಮ್ಮ ಹೊಲ ಇವರಿಗೆ ಅಲ್ಲೇ ನೆನಪಾಯಿತಂತೆ. ಎಷ್ಟು ರೊಮ್ಯಾಂಟಿಕ್ ಅಲ್ಲವೇ?

ನೀವು ಮಾರಲು ಒಪ್ಪಲಿಲ್ಲ. ಭಾವನವರನ್ನು ಹೂಳಿದ ಹೊಲ ಬಿಟ್ಟು ಬರುವುದಿಲ್ಲ ಎಂದಿರಿ. ಇವರು ನಕ್ಕು, "ವೈನಿ ಅಲ್ಲೇ ಇರ್ಲಿ ಬಿಡು. ಹೊಲ ಆಕಿದು, ದಾರಿ ನನ್ನ ಪಾಲಿಂದು" ಎಂದು ನಾಲ್ಕನೇ ಕಡೆಯ ಆ ದಾರಿಯನ್ನೇ ಅಗೆಸಿ ಕಾಲುವೆ ಮಾಡಿದರು.

ಇರುವುದು ನಮ್ಮದೊಂದೇ ದೋಣಿ. ದಿನಾ ಬೆಳಗ್ಗೆ ನಿಮ್ಮ ಎಮ್ಮೆಯ ಹಾಲು ಒಯ್ಯಲು ಬರುತ್ತದೆ. ದಯವಿಟ್ಟು ಕ್ಯಾನ್ ಮಾತ್ರ ಹತ್ತಿಸಿ, ನೀವು ಹತ್ತಬೇಡಿ. ಹೊಲ ಮಾರಲು ಒಪ್ಪಿದ ದಿನ ನಿಮ್ಮನ್ನು ಕರೆತರಲು ನಾನೇ ಬರುತ್ತೇನೆ.

ನಿಮ್ಮ ಗೌರಿ ಇಲ್ಲಿ ಆರಾಮಾಗಿದ್ದಾಳೆ. ನೀರು ಬಿಡುವುದನ್ನು ತೋರಿಸಲು ಅವಳನ್ನು ಈಚೆ ಕರೆತಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಶಾಲೆ ತಪ್ಪುತ್ತಿತ್ತು. "ಅವ್ವನ ಕಡೆ ಯಾವಾಗ ಹೋಗೂದ, ಕಾಕೂ?" ಎಂದು ಕೇಳುತ್ತಾಳೆ. "ಇದ ನಿನ್ನ ಮನಿ ಅಲ್ಲೇನ? ಸುಮ್ನ ಉಣ್ಣು" ಎನ್ನುತ್ತಾರೆ ಅತ್ತೆ. ನಾನು ಅವಳಿಗೆ ಇಂಗ್ಲಿಷ್ ರೈಮ್ಸ್ ಕಲಿಸುತ್ತಿದ್ದೇನೆ, ತುಂಬಾ ಜಾಣೆ.

ಒಂದು ಕೋರಿಕೆ, ಅಕ್ಕ. ಸಂಜೆ ದಂಡೆಗೆ ಬಂದು ಅವಳ ಹೆಸರು ಹಿಡಿದು ಕೂಗಬೇಡಿ. ತಟ್ಟೆ ಬಿಟ್ಟು ನೀರಿನ ಕಡೆಗೆ ಓಡುತ್ತಾಳೆ.

ನಿಮ್ಮ ಮುದ್ದಿನ ನೆಗೆಣ್ಣಿ,
ಶೀತಲ್