ಹನ್ನೊಂದು ಗಿಟಾರು, ಎರಡು ಕೈ

ಮೇಲೂರು,
ಆಟಿ ತಿಂಗಳ ನಲವತ್ತೊಂದನೇ ತಾರೀಕು, ಕ್ರಿ.ಶ. ೨೨೩೮

ಡೆರಿಲ್ ಸಾಲಿನ್ಸ್ ಅಜ್ಜನವರಿಗೆ, ನಿಮ್ಮ ಮಗಳು ಶರಿನ್‌ಳ ಮರಿಮಕ್ಕಳ ಮರಿಮಕ್ಕಳಲ್ಲಿ ಕೊನೆಗೆ ಉಳಿದಿರುವ ಹನ್ನಾ ಮಾಡುವ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಮಳೆ ನಿಂತ ಮೇಲೆಯೇ ತಿಂಗಳು ಮುಗಿಯುವುದು, ಈ ಸಲದ ಆಟಿ ಇನ್ನೂ ಮುಗಿದಿಲ್ಲ. ನಿಮ್ಮ ಕಾಲದ ಮಾತುಗಳನ್ನು ಹೆಕ್ಕಿ ಹೆಕ್ಕಿ ಬರೆಯುತ್ತಿದ್ದೇನೆ, ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮಗಿನ್ನೂ ನಲವತ್ತು ದಾಟಿರಲಿಕ್ಕಿಲ್ಲ, ಅಜ್ಜ ಎಂದದ್ದಕ್ಕೂ ಬೇಸರ ಬೇಡ. ಹನ್ನೊಂದನೆಯ ಗಿಟಾರು ಕೊಳ್ಳಲೋ ಬಿಡಲೋ ಎಂದು ನೀವು ಅಂಗಡಿಯ ಮುಂದೆ ನಿಂತಿರುವ ದಿನಕ್ಕೆ ಈ ಪತ್ರ ಸಿಗಲಿ ಎಂಬುದು ನನ್ನ ಆಸೆ. ಸಿಗುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ಇಲ್ಲಿ ನನಗೆ ಬೇರೆ ಯಾರೂ ಇಲ್ಲ.

ಮೇಲೂರು ಎಂದರೆ ನಿಮ್ಮ ಮಂಗಳೂರಿನ ಗುಡ್ಡಗಳು. ಕೆಳಗಿನದ್ದೆಲ್ಲ ಕಡಲಿಗೆ ಹೋಯಿತು. ಇಲ್ಲಿ ಬೀಸುವುದನ್ನು ನಾವು ತಿನ್ನುಗಾಳಿ ಎನ್ನುತ್ತೇವೆ, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಬಾಗಿಲುಗಳಿಗೆ ಹಗ್ಗದ ತಿರುಗಣಿ, ಅಡುಗೆಗೆ ಮಣ್ಣಿನ ಪಾತ್ರೆ, ಬಟ್ಟೆ ಹೊಲಿಯಲು ಮೀನಿನ ಮುಳ್ಳು. ಹೊಸ ಮರ ಕಡಿದರೆ ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಹಳೆಯ ಒಣಮರಕ್ಕೆ ನಮ್ಮಲ್ಲಿ ಎಲ್ಲಿಲ್ಲದ ಬೆಲೆ. ಅದು ಬೇಕಾಗಿರುವುದು ಜೇನಿಗೆ. ಬೂಸ್ಟು ಹಿಡಿದ ಪೆಟ್ಟಿಗೆಯಲ್ಲಿ ಜೇನುಹುಳ ನಿಲ್ಲುವುದಿಲ್ಲ, ಹುಳ ನಿಲ್ಲದಿದ್ದರೆ ಸೌತೆ, ಕುಂಬಳ ಕಾಯಿಕಟ್ಟುವುದಿಲ್ಲ. ಊರಿನ ಜೇನು ನೋಡಿಕೊಳ್ಳುವ ಹಿರಿಯರ ಸಭೆಗೆ ಜೇನುಕೂಟ ಎಂದು ಹೆಸರು, ಅದರ ಮಾತನ್ನು ಯಾರೂ ಮೀರುವುದಿಲ್ಲ.

ನಿಮ್ಮ ಗಿಟಾರುಗಳು ನನ್ನವರೆಗೆ ಬಂದಿವೆ, ಒಂದೂ ಬಿಡದೆ. ನೀವು ಎಷ್ಟು ಜೋಪಾನ ಮಾಡಿದ್ದಿರಿ! ಚರ್ಚಿಗೊಂದು, ಮದುವೆಮನೆಗೊಂದು, ಮಳೆಗಾಲಕ್ಕೊಂದು, ನೀಲಿ ಬಣ್ಣ ಚಂದ ಉಂಟೆಂದು ಇನ್ನೊಂದು. ಪ್ರತಿಯೊಂದಕ್ಕೂ ನೀವು ಕೊಟ್ಟ ಕಾರಣ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ನಗುವ ವಿಷಯ. ಹನ್ನೊಂದನೆಯದು ಮನೆಗೆ ಬಂದಾಗ ನಿಮ್ಮ ಹೆಂಡತಿ ಪ್ರಫುಲ್ಲಜ್ಜಿ ಸೊಂಟಕ್ಕೆ ಕೈಕೊಟ್ಟು, "ಅಲ್ಲ ಮಾರಾಯ್ರೆ, ನಿಮಗೆ ಕೈ ಎಷ್ಟುಂಟು?" ಎಂದು ಕೇಳಿದ್ದೂ ಬಂದಿದೆ. ಅದರ ಜೊತೆಗೇ ನಿಮ್ಮ ಇನ್ನೊಂದು ಮಾತೂ ಬಂದಿದೆ. ಪುಟ್ಟ ಶರಿನ್ ಗೋಡೆಯ ಮೇಲಿನದ್ದಕ್ಕೆ ಕೈಚಾಚಿದಾಗ ನೀವು ಕೂಗಿದ್ದು: "ಮುಟ್ಬೇಡ ಮಾರಾಯ್ತಿ, ಟ್ಯೂನ್ ಹೋಗ್ತದೆ!" ಅವಳು ಮತ್ತೆ ಮುಟ್ಟಲಿಲ್ಲ. ಮುದುಕಿಯಾದ ಮೇಲೆ ಇದನ್ನು ನಗುತ್ತಲೇ ಹೇಳುತ್ತಿದ್ದಳಂತೆ. ನನಗೆ ನಗು ಬರುವುದಿಲ್ಲ.

ಏಕೆಂದರೆ ವಾದ್ಯಗಳೆಲ್ಲ ಬಂದವು, ನುಡಿಸುವುದು ಮಾತ್ರ ಬರಲಿಲ್ಲ. ಕಲಿಸುವವರು ಊರಲ್ಲಿ ಯಾರೂ ಇರಲಿಲ್ಲ. ನನಗೆ ಕಲಿಸಿದ್ದು ನಿಮ್ಮ ಮೊದಲನೆಯ ಗಿಟಾರು, ಆ ಅಗ್ಗದ, ಬಣ್ಣ ಹೋದ ಕಂದು ಗಿಟಾರು. ಉಳಿದ ಹತ್ತರ ಕತ್ತಿನ ಮೇಲೆ ಒಂದು ಗೀರೂ ಇಲ್ಲ. ಇದೊಂದರಲ್ಲಿ ಮಾತ್ರ ತಂತಿಗಳ ಕೆಳಗೆ ನಿಮ್ಮ ಬೆರಳು ಊರಿ ಊರಿ ಮರ ಗುಳಿಬಿದ್ದಿದೆ. ಶರಿನ್‌ಳನ್ನು ಮಲಗಿಸಲು ನೀವು ದಿನಾ ಬಾರಿಸುತ್ತಿದ್ದದ್ದು ಇದನ್ನೇ ಅಂತೆ. ಒಬ್ಬನಿಗೆ ಎಷ್ಟು ಗಿಟಾರು ಬೇಕು ಎಂಬುದನ್ನು ನಿಮ್ಮ ಬೆರಳುಗಳು ಆಗಲೇ ಹೇಳಿದ್ದವು, ನೀವು ಕೇಳಿಸಿಕೊಳ್ಳಲಿಲ್ಲ.

ನಾನು ಆ ಗುಳಿಗಳಲ್ಲಿ ಬೆರಳಿಟ್ಟು ಕಲಿತೆ. ಮೂರು ಹಿಡಿತಗಳು ಸಿಕ್ಕವು, ಮೂರೂ ಇಂಪಾಗಿವೆ. ಆದರೆ ಅಜ್ಜ, ಬೆರಳು ಎಲ್ಲಿತ್ತು ಎಂಬುದನ್ನಷ್ಟೇ ಮರ ಹೇಳುತ್ತದೆ. ಯಾವುದರ ನಂತರ ಯಾವುದು, ಎಲ್ಲಿ ತಡೆದಿರಿ, ಎಲ್ಲಿ ಹರಿಯಬಿಟ್ಟಿರಿ ಎಂಬುದನ್ನು ಹೇಳುವುದಿಲ್ಲ. ಶರಿನ್‌ಗೆ ಅರ್ಧದಲ್ಲೇ ನಿದ್ದೆ ಬರುತ್ತಿತ್ತಂತೆ, ಪೂರ್ತಿ ಹಾಡು ಅವಳಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ನಾನು ಆ ಮೂರನ್ನು ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಒಂದೊಂದು ಸಲ ಇದೇ ಇರಬೇಕು ಅನ್ನಿಸಿ ಮೈ ಜುಮ್ಮೆನ್ನುತ್ತದೆ. ಹೌದು ಎಂದು ಹೇಳುವವರು ಯಾರು? ಟ್ಯೂನ್ ಹೋಗ್ತದೆ ಎಂದಿರಿ. ಹೋಯಿತು.

ಹೋದ ವಾರ ಜೇನುಕೂಟದ ವಾಮನ ಪೂಂಜರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಕೇಳಲು ಅವರಿಗೂ ಕಷ್ಟವಾಗಿತ್ತು. "ನೋಡಿ ಹನ್ನಕ್ಕ, ಬಾರಿಸುವವರು ನೀವು ಒಬ್ರೇ. ಒಬ್ರಿಗೆ ಎಷ್ಟು ಬೇಕು? ಒಂದು ಇಟ್ಕೊಳ್ಳಿ. ಬಾಕಿದ್ದದ್ರಲ್ಲಿ ಹುಳ ಕೂತ್ಕೊಳ್ಳಲಿ" ಎಂದರು. ಗಿಟಾರಿನ ಹೊಟ್ಟೆ ದೊಡ್ಡದು, ನಡುವೆ ದುಂಡನೆಯ ಬಾಗಿಲು. ಜೇನಿಗೆ ಹೇಳಿ ಮಾಡಿಸಿದ ಮನೆ. ಮಕ್ಕಳು ಹಸಿದಿರುವ ಊರಲ್ಲಿ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಯಾವುದನ್ನು ಇಟ್ಟುಕೊಳ್ಳಲಿ? ನೀಲಿಯದರ ಕತ್ತು ಇಂದಿಗೂ ನೆಟ್ಟಗಿದೆ, ಅದರಲ್ಲಿ ಇನ್ನೂ ಕೆಲವು ವರ್ಷ ನುಡಿಸಬಹುದಿತ್ತು. ಆದರೆ ಅದರಲ್ಲಿ ಗುಳಿಗಳಿಲ್ಲ. ಕಂದು ಗಿಟಾರಿನ ಕತ್ತು ಸೊಟ್ಟಗಾಗಿದೆ, ತಂತಿ ಬಿಗಿದರೆ ಕಿರುಗುಟ್ಟುತ್ತದೆ. ನಾನು ಆ ಕಂದು ಬಣ್ಣದ್ದನ್ನೇ ಇಟ್ಟುಕೊಂಡೆ. ತಿನ್ನುಗಾಳಿ ಉಳಿಸಿದ್ದ ಕೊನೆಯ ಆರು ತಂತಿಗಳನ್ನು ನೀಲಿಯದರಿಂದ ಬಿಚ್ಚಿ ಇದಕ್ಕೆ ಏರಿಸುವಾಗ ಎರಡು ನನ್ನ ಕೈಯಲ್ಲೇ ತುಂಡಾದವು. ಹೊಸ ತಂತಿ ಎಳೆಯುವ ವಿದ್ಯೆ ಈಗ ಯಾರಿಗೂ ಇಲ್ಲ. ನಿನ್ನೆ ಸಂಜೆ ಮೂರನೆಯದೂ ಹೋಯಿತು. ಗುಳಿಗಳಲ್ಲಿ ಬೆರಳಿಟ್ಟರೆ ಈಗ ಅರ್ಧ ಮಾತ್ರ ಕೇಳಿಸುತ್ತದೆ. ಹಿತ್ತಲಲ್ಲಿ ಸಾಲಾಗಿ ಇಟ್ಟ ಹತ್ತರಲ್ಲೂ ಹುಳಗಳು ಮೊರೆಯುತ್ತಿವೆ. ನಿಮ್ಮ ಗಿಟಾರುಗಳು ಒಟ್ಟಾಗಿ ದನಿ ಮಾಡಿದ್ದು ಇದೇ ಮೊದಲಿರಬೇಕು. ಕೇಳುತ್ತಾ ಕೂತರೆ ನನಗೆ ಅಳು ಬರುತ್ತದೆ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಹನ್ನೊಂದನೆಯದನ್ನು ಕೊಳ್ಳಿ, ಬಿಡಿ, ಅದು ನಿಮ್ಮ ಇಷ್ಟ. ನಾನು ಕೇಳುವುದು ಬೇರೆ. ಇವತ್ತು ಮನೆಗೆ ಹೋದವರೇ ಆ ಕಂದು ಗಿಟಾರನ್ನು ಗೋಡೆಯಿಂದ ಇಳಿಸಿ. ಶರಿನ್‌ಳನ್ನು ಮಲಗಿಸಬೇಡಿ, ಎಬ್ಬಿಸಿ ಕೂರಿಸಿ. ಅವಳ ಪುಟ್ಟ ಬೆರಳುಗಳನ್ನು ಹಿಡಿದು, ಮೊದಲು ಇದು, ಆಮೇಲೆ ಇದು ಎಂದು ತೋರಿಸಿ. ಅವಳು ತಪ್ಪು ಬಾರಿಸಲಿ, ಶ್ರುತಿಯ ಬಿರಟೆ ತಿರುಗಿಸಲಿ, ತಂತಿ ಕಡಿಯಲಿ.

ಮುಟ್ಟಲಿ ಬಿಡಿ, ಅಜ್ಜ. ಟ್ಯೂನ್ ಹೋದರೆ ಹೋಗಲಿ.