ಕಾವ್ಯಳನ್ನು ಕರೆತರಲು ಹೋದ ದಿನ

ನಮ್ಮ ಮೇಷ್ಟ್ರಿಗೆ, ನಿಮ್ಮ ಮಂಜುಳಾ ಮಾಡುವ ನಮಸ್ಕಾರ.

ಜಮೀನಿದ್ದವರ ಮಗ ಸುರೇಶನನ್ನೂ ಕೂಲಿಯವರ ಮಗಳಾದ ನನ್ನನ್ನೂ ನೀವು ಒಂದೇ ಬೆಂಚಿನಲ್ಲಿ ಕೂರಿಸಿದ್ದು ನೆನಪಿದೆಯೇ? ಅವನಪ್ಪ ತಕರಾರು ತೆಗೆದಾಗ, “ಲೆಕ್ಕ ಬರೋರು ಮುಂದೆ ಕೂತ್ಕೋತಾರೆ ಕಣ್ರೀ, ಅಷ್ಟೆ” ಎಂದು ಕಳಿಸಿದ್ದಿರಿ. ನೀವು ನಿವೃತ್ತರಾಗಿ ಹೋದ ಮರುವರ್ಷ ಅದೇ ಶಾಲೆಗೆ ನಾನು ಅತಿಥಿ ಶಿಕ್ಷಕಿಯಾಗಿ ಬಂದೆ. ಈಗ ಅಂಥ ತಕರಾರು ತೆಗೆಯಲೂ ಯಾರಿಲ್ಲ. ಜಮೀನಿದ್ದವರ ಮಕ್ಕಳೆಲ್ಲ ಬೆಳಿಗ್ಗೆ ವ್ಯಾನ್ ಹತ್ತಿ ಪಿರಿಯಾಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ನಮ್ಮಲ್ಲಿ ಉಳಿದಿರುವುದು ಕೂಲಿಯವರ ಮಕ್ಕಳು ಮಾತ್ರ.

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನೀವು ಸೈಕಲ್ ತುಳಿದುಕೊಂಡು ಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೇ ಬಂದು ನಮ್ಮನ್ನು ಕರೆದೊಯ್ಯುತ್ತಿದ್ದಿರಲ್ಲ, ಹೋದ ವರ್ಷ ನಾನೂ ಹಾಗೇ ಹೋದೆ. ಐದನೇ ಕ್ಲಾಸಿನ ಕಾವ್ಯ ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು. ಸುರೇಶನ ಬ್ಯಾರನ್ ಮುಂದೆ, ತಾಯಿ ಚಿಕ್ಕತಾಯಮ್ಮನ ಪಕ್ಕ ಕುಳಿತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಬೆರಳೆಲ್ಲ ಅಂಟಂಟು. ನನ್ನನ್ನು ಕಂಡು ಕೈ ಹಿಂದೆ ಮಾಡಿಕೊಂಡಳು.

“ಓದಿ ಏನ್ ಮಾಡ್ಬೇಕು ಬುಡಮ್ಮ,” ಎಂದ ಸುರೇಶ. “ನೀನು ಬಿ.ಎಡ್ ಮಾಡ್ಕಂಡು ಏನಾದೆ? ವರ್ಷ ವರ್ಷ ಸರ್ಕಾರ್ದೋರು ಕರದ್ರೆ ಉಂಟು, ಕರೀದಿದ್ರೆ ಮನೇಲಿ.”

ಸಿಟ್ಟಿನಲ್ಲಿ ಹೇಳಿದ್ದಲ್ಲ ಮೇಷ್ಟ್ರೇ, ನಗುತ್ತ ಹೇಳಿದ. ಅವನ ಮಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಓದಿನಿಂದ ಏನೂ ಆಗದಿದ್ದರೆ ಅವನನ್ನೇಕೆ... ಕೇಳಬೇಕೆಂದುಕೊಂಡೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಪ್ರತಿ ಬೇಸಿಗೆಯೂ ನನಗೆ ಕೆಲಸವಿಲ್ಲದ ಬೇಸಿಗೆಯೇ.

ಕೇಳಿದ್ದು ಚಿಕ್ಕತಾಯಮ್ಮ. ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟಳು.

“ಸುರೇಸಣ್ಣ, ನಿಮ್ಮ ಮಗ ಓದ್ತಾ ಅವ್ನೆ. ನಿಮ್ಮ ಸೊಪ್ಪ ನನ್ ಮಗಳೇ ಯಾಕ್ ಕಟ್ಬೇಕು? ಅವಳು ಸ್ಕೂಲ್ಗೋಗ್ಲಿ. ಬ್ಯಾಡ ಅಂದ್ರೆ ನಾಳೆಯಿಂದ ನಾನೂ ಬರಾಕಿಲ್ಲ.”

“ನಾವೂ ಬರಾಕಿಲ್ಲ,” ಎಂದಳು ಹಿಂದಿನಿಂದ ಇನ್ನೊಬ್ಬಳು. ಒಬ್ಬೊಬ್ಬರಾಗಿ ಎಲ್ಲರ ಕೈಯೂ ನಿಂತಿತು. ಕೊಯ್ದ ಸೊಪ್ಪು ಕಟ್ಟದೆ ಬಿಟ್ಟರೆ ಕೆಡುತ್ತದೆಂಬುದು ಸುರೇಶನಿಗೆ ಗೊತ್ತಿಲ್ಲವೇ? “ಓಗ್ಲಿ ಬುಡ್ರವ್ವ,” ಎಂದು ಎದ್ದುಹೋದ.

ಮರುದಿನ ಕಾವ್ಯ ಬಂದಳು. ಸಂಜೆ ಉಳಿಸಿಕೊಂಡು ಪ್ರವೇಶ ಪರೀಕ್ಷೆಗೆ ಓದಿಸಿದೆ. ಈ ಜೂನ್‌ನಲ್ಲಿ ಅವಳು ಹುಣಸೂರಿನ ಕಡೆಯ ಸರ್ಕಾರಿ ವಸತಿ ಶಾಲೆಗೆ ಸೇರಿದಳು. ಟ್ರಂಕು ಹೊತ್ತು ಬಸ್ ಹತ್ತಿದವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ನನಗೆ ಖುಷಿಯಾಯಿತು.

ಆದರೆ ಅವಳು ಹೋದ ಮೇಲೆ ನಮ್ಮಲ್ಲಿ ಮಕ್ಕಳು ಕಡಿಮೆಯಾದರೆಂದು ಶಾಲೆ ಮುಚ್ಚಿ ಎರಡು ಊರಾಚೆಯ ಶಾಲೆಗೆ ಸೇರಿಸುವ ಮಾತು ಬಂದಿದೆ. ಒಬ್ಬಳನ್ನು ದಡ ಸೇರಿಸಿದರೆ ಉಳಿದವರು ಎರಡು ಊರು ದಾಟಿ ನಡೆಯಬೇಕು. ಇದೆಂಥ ನ್ಯಾಯ? ನೀವು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರೋ...

ಶಾಲೆ ಮುಚ್ಚಬೇಡಿ ಎಂದು ಕೇಳಲು ಸೋಮವಾರ ಪಿರಿಯಾಪಟ್ಟಣದ ಶಿಕ್ಷಣ ಇಲಾಖೆ ಕಚೇರಿಗೆ ಹೋಗುತ್ತಿದ್ದೇವೆ. ಸೊಪ್ಪು ಕಟ್ಟುವ ಆ ತಾಯಂದಿರೆಲ್ಲ ಅಂದು ಕೂಲಿ ಬಿಡುತ್ತಿದ್ದಾರೆ. ಮುಂದಾಗಿ ನಿಂತರೆ ಮುಂದಿನ ವರ್ಷ ನನ್ನನ್ನು ಕರೆಯಲಿಕ್ಕಿಲ್ಲ ಎಂದು ಎಚ್ಚರಿಸಿದವರಿದ್ದಾರೆ. ಚಿಕ್ಕತಾಯಮ್ಮನಿಗೆ ಅದನ್ನು ಹೇಳಿದೆ.

“ಅಂಗಾದ್ರೆ ನೀವು ಇಂದ್ಗಡೆ ನಿಂತ್ಕಳಿ ಟೀಚರಮ್ಮ,” ಎಂದಳು. “ಮಾತು ನಾವಾಡ್ತೀವಿ.”

ನಾನು ಹಿಂದೆ ನಿಲ್ಲುವುದಿಲ್ಲ, ಮೇಷ್ಟ್ರೇ.