ಒಂದೇ ಗುಂಡಿಯ ಎರಡು ದಾರಿ

ಅಣೆಕಟ್ಟಿನ ನೂರಾ ಅರವತ್ತೊಂದನೇ ವರ್ಷ, ಮರುಮಳೆಯ ಒಂಬತ್ತನೇ ದಿನ
ತೇವದ ಕಚೇರಿ, ಕರಿಹೊಳೆ ಅಣೆಕಟ್ಟು

ಕರಿಹೊಳೆ ಅಣೆಕಟ್ಟಿನ ದತ್ತಾಂಶ ಸಂಗ್ರಹ ಜಾಲ ಆಯ್ಕೆ ಸಮಿತಿಯ ಏಳು ಮಂದಿ ಸದಸ್ಯರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಲೆಕ್ಕದ ಇಸವಿಯನ್ನು ಹೇಳಿಬಿಟ್ಟರೆ, ಅದಿನ್ನೂ ಬಹಳ ದೂರವಿದೆ ಎಂದು ನೀವು ನಿರಾಳವಾಗುತ್ತೀರಿ. ಆದ್ದರಿಂದ ಹೇಳುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಮಾತಿನ ಬಿರುಸಿಗೆ ಮಾತ್ರ ಕ್ಷಮೆ ಕೇಳಲಾರೆ. ನಮ್ಮ ಕಚೇರಿಯಲ್ಲಿ ಹಿಂಬರಹ ಎಂಬ ರೂಢಿ ಇದೆ. ದೊಡ್ಡ ಆದೇಶವೊಂದಕ್ಕೆ ಸಹಿ ಹಾಕುವ ಮೊದಲು, ಆ ಆದೇಶ ಯಾರ ಕೆಲಸದಿಂದ ಹುಟ್ಟಿತೋ ಆ ಹಿಂದಿನವರಿಗೆ ಒಂದು ಕಾಗದ ಬರೆದು ಸುರಂಗದ ಗೋಡೆಯ ಗೂಡಿನಲ್ಲಿ ಇಡಬೇಕು. ಅದು ಹೇಗೋ ಅವರಿಗೆ ಮುಟ್ಟುತ್ತದೆ ಎಂದು ಹಳಬರು ನಂಬುತ್ತಾರೆ. ಹೆಚ್ಚಿನವರು ಕೃತಜ್ಞತೆ ಸಲ್ಲಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ನಿಮ್ಮ ಮೇಲೆ ಇರುವುದು ಸಿಟ್ಟು, ಆದ್ದರಿಂದ ಅದನ್ನೇ ಬರೆಯುತ್ತೇನೆ.

ನಾನು ಇಲ್ಲಿನ ತೇವಪಾಲಕಿ. ಅಣೆಕಟ್ಟಿನ ಹೊಟ್ಟೆಯೊಳಗೆ ಈ ದಡದಿಂದ ಆ ದಡಕ್ಕೆ ಒಂದು ಸುರಂಗವಿದೆಯಲ್ಲ, ಅದರಲ್ಲಿ ದಿನಕ್ಕೆ ಎರಡು ಸಲ ನಡೆದು, ಗೋಡೆಗೆ ಅಂಗೈ ಒತ್ತಿ, ಎಲ್ಲಿ ಎಷ್ಟು ಜಿನುಗುತ್ತಿದೆ ಎಂದು ಬರೆದಿಡುವುದು ನನ್ನ ಕೆಲಸ. ನಾವು ಒಂಬತ್ತು ಜನ ಇದ್ದೇವೆ. ಎಲ್ಲರ ಕಿವಿಯ ಮೇಲೂ ಒಂದು ಪೆನ್ಸಿಲ್ ಇರುತ್ತದೆ, ಏಕೆಂದರೆ ಆ ಥಂಡಿಯಲ್ಲಿ ಶಾಯಿ ಹರಡಿ ಹೋಗುತ್ತದೆ. ಮರುಮಳೆ ಎಂದರೆ, ನಿಮ್ಮ ಕಾಲದ ಮುಂಗಾರು ಹಿಂಗಾರು ಮುಗಿದು ಚಳಿ ಇಳಿಯುವ ಹೊತ್ತಿಗೆ ಈಗ ಬರುವ ಮೂರನೇ ಮಳೆಗಾಲ. ಆ ತಿಂಗಳಲ್ಲಿ ಅಣೆಕಟ್ಟಿನ ಕೆಳಗಿನ ಬಿಳಿಗೊಂದಿ ಊರಿನವರು ಬಾಗಿಲ ಹಿಂದೆ ಗಂಟು ಕಟ್ಟಿಟ್ಟುಕೊಂಡೇ ಬದುಕುತ್ತಾರೆ. ಗಂಟಿನಲ್ಲಿ ಎಂಟು ದಿನಕ್ಕಾಗುವಷ್ಟು ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಕೌದಿ, ಮನೆಯವರ ಹೆಸರು ಹೊಲಿದ ಬಟ್ಟೆ. ಮಕ್ಕಳು ಶಾಲೆಯಲ್ಲಿ ಮಗ್ಗಿಗಿಂತ ಮೊದಲು ಗಂಟೆಯ ಸದ್ದುಗಳನ್ನು ಕಲಿಯುತ್ತಾರೆ. ಒಂದು ಬಾರಿಸಿದರೆ ನೀರು ಏರುತ್ತಿದೆ, ಎರಡಕ್ಕೆ ಗಂಟು ಹೊರಗಿಡಬೇಕು, ಮೂರಕ್ಕೆ ಹೊರಡಬೇಕು. ಮದುವೆಗಳನ್ನು ಮರುಮಳೆಗೆ ಮುಂಚೆ ಮುಗಿಸುತ್ತಾರೆ, ಬಾಣಂತಿಯರನ್ನು ಮೊದಲೇ ಗುಡ್ಡದ ಮೇಲಿನ ನಂಟರ ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ ಭಯ ಯಾಕೆ ಎಂದರೆ, ನಮ್ಮ ಅಣೆಕಟ್ಟು ಗಟ್ಟಿಯೋ ಪೊಳ್ಳೋ ಎಂಬುದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದಂತೆ ಮಾಡಿದವರು ನೀವು.

ನಿಮ್ಮ ಸಭೆಗಳ ನಡಾವಳಿ ನಮ್ಮಲ್ಲಿದೆ, ಎಲ್ಲವನ್ನೂ ಓದಿದ್ದೇನೆ. ಸುರಂಗದ ಉದ್ದಕ್ಕೂ ಆಗ ನಲವತ್ತೇಳು ಜಿನುಗುಮಾಪಕಗಳು ಇದ್ದವು. ಅವು ಹತ್ತು ನಿಮಿಷಕ್ಕೊಮ್ಮೆ ಕಳಿಸುವ ಅಳತೆಗಳನ್ನು ನಾಲ್ಕು ಕಿಲೋಮೀಟರ್ ಆಚೆ, ಗುಡ್ಡದ ಮೇಲಿನ ಕಚೇರಿಯ ಸಂಗ್ರಹ ಪೆಟ್ಟಿಗೆಗೆ ಮುಟ್ಟಿಸುವುದು ಹೇಗೆ ಎಂಬುದು ನಿಮ್ಮ ಮುಂದಿದ್ದ ಪ್ರಶ್ನೆ. ಕಚೇರಿಯ ಮಾಮೂಲಿ ನೆಟ್‌ವರ್ಕಿನಲ್ಲೇ ಕಳಿಸಬಹುದಿತ್ತು, ಆದರೆ ಅಲ್ಲಿ ಹಾಜರಿ, ಕ್ಯಾಮೆರಾ, ಸಾಹೇಬರ ವಿಡಿಯೋ ಮೀಟಿಂಗು ಎಲ್ಲವೂ ಒಂದೇ ರಸ್ತೆಯಲ್ಲಿ ನುಗ್ಗಾಡುತ್ತಿದ್ದವು. ಕಡತ ಹಂಚುವ ಒಂದು ಸರ್ವರನ್ನು ಕೂರಿಸಿ ಅಗ್ಗದಲ್ಲಿ ಮುಗಿಸಬಹುದಿತ್ತು, ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ನೀವು ಐದು ಸಭೆ ನಡೆಸಿ, ಸಂಗ್ರಹಕ್ಕೆಂದೇ ಪ್ರತ್ಯೇಕ ಫೈಬರ್ ಜಾಲ ಆಯ್ದಿರಿ. ಸರಿಯಾದದ್ದನ್ನೇ ಆಯ್ದಿರಿ. ಸ್ವಿಚ್ ಎರಡು, ಕಾರ್ಡ್ ಎರಡು, ವಿದ್ಯುತ್ ಸಂಪರ್ಕ ಎರಡು, ದಾರಿ ಎರಡು. ಒಂದು ಸತ್ತರೆ ಇನ್ನೊಂದು ಎಂದು ನಿಮ್ಮ ಅಧ್ಯಕ್ಷ, ಮುಖ್ಯ ಎಂಜಿನಿಯರ್ ದಾನಪ್ಪ ಬಳಿಗಾರ, ಮೂರು ಸಲ ಹೇಳಿದ್ದು ದಾಖಲಾಗಿದೆ. ನೀವು ದಡ್ಡರಾಗಿದ್ದರೆ ನಾನು ಒಂದೆರಡು ಬೈಗುಳ ಬೈದು ಸುಮ್ಮನಾಗುತ್ತಿದ್ದೆ. ನೀವು ದಡ್ಡರಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು.

ಕೊನೆಯ ಸಭೆಯ ಹದಿನಾಲ್ಕನೇ ವಿಷಯ ಒಂದೇ ಸಾಲಿನದು. ಕೇಬಲ್ ಹಾಸುವುದು: ನಕ್ಷೆಯಂತೆ, ಅಂಗೀಕರಿಸಲಾಯಿತು. ಹದಿನೈದನೇ ವಿಷಯ ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು ಎಂಬುದು, ಅದಕ್ಕೆ ಒಂದೂಕಾಲು ಪುಟ. ಆ ನಕ್ಷೆಗೆ ಮುಂದೆ ಯಾವುದೋ ಪ್ರಶಸ್ತಿ ಬಂದಿತಂತೆ. ಚೌಕಟ್ಟು ಹಾಕಿಸಿ ನೇತುಹಾಕಿದ್ದರು, ನೂರು ವರ್ಷ ನಮ್ಮ ಗೋಡೆಯ ಮೇಲೇ ಇತ್ತು. ಅದರಲ್ಲಿ ಒಂದು ದಾರಿ ಕೆಂಪು ಗೆರೆ, ಇನ್ನೊಂದು ನೀಲಿ ಗೆರೆ. ಕೆಂಪು ಹಾಳೆಯ ಮೇಲಂಚಿನಲ್ಲಿ ಹೋಗುತ್ತದೆ, ನೀಲಿ ಕೆಳಗಂಚಿನಲ್ಲಿ. ನಡುವೆ ಒಂದು ಗೇಣು ಜಾಗ. ನೋಡಿದ ಯಾರಿಗೂ ಎರಡು ದಾರಿ ಬೇರೆ ಬೇರೆ ಎಂದೇ ಅನಿಸಬೇಕು. ಆದರೆ ಹಾಳೆ ಬೇರೆ, ನೆಲ ಬೇರೆ. ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು, ಎರಡು ಕಡೆ ರಸ್ತೆ ಅಗೆದರೆ ಧೂಳು. ಹಾಗಾಗಿ ಎಡದಂಡೆಯಲ್ಲಿ ಒಂದೇ ಒಂದು ಉದ್ದನೆಯ ಗುಂಡಿ ತೋಡಿ, ಕೆಂಪು ಕೇಬಲ್ಲನ್ನೂ ನೀಲಿ ಕೇಬಲ್ಲನ್ನೂ ಅಕ್ಕಪಕ್ಕ ಮಲಗಿಸಿ, ಮಣ್ಣು ಮುಚ್ಚಿದರು. ಗುಂಡಿಯ ಫೋಟೋ ಕೂಡ ಕಡತದಲ್ಲಿದೆ. ಅದರಲ್ಲಿ ಇಬ್ಬರು ನಗುತ್ತಿದ್ದಾರೆ.

ಆರು ವರ್ಷದ ಮೇಲೆ ದೊಡ್ಡ ನೆರೆ ಬಂತು. ಮೊದಲ ದಿನವೇ ಎಡದಂಡೆಯ ಗುಡ್ಡ ಜರಿದು ಆ ಗುಂಡಿಯನ್ನು ಕಿತ್ತುಕೊಂಡು ಹೋಯಿತು. ಎರಡು ಕೇಬಲ್ಲೂ ಒಂದೇ ನಿಮಿಷದಲ್ಲಿ ತುಂಡಾದವು. ಎರಡು ಸ್ವಿಚ್ಚು, ಎರಡು ಕಾರ್ಡು, ಎಲ್ಲವೂ ಗುಡ್ಡದ ಮೇಲೆ ಬೆಚ್ಚಗೆ ಕುಳಿತು ಬಾರದ ಅಳತೆಗಳಿಗೆ ಕಾದವು. ಮರುಜೋಡಣೆ ಆಗುವಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿದ್ದವು, ನೆರೆಯೂ ಇಳಿದಿತ್ತು. ಅದಕ್ಕೆ ಮುಂಚಿನ ಎಲ್ಲ ವರ್ಷಗಳ ಅಳತೆ ನಮ್ಮಲ್ಲಿದೆ, ಆಮೇಲಿನದೂ ಇದೆ. ಏನೂ ಆಗದ ಸಾವಿರಾರು ದಿನಗಳು ಹತ್ತು ನಿಮಿಷಕ್ಕೊಂದರಂತೆ ಭದ್ರವಾಗಿವೆ. ಏನೋ ಆದ ಹತ್ತೊಂಬತ್ತು ದಿನ ಮಾತ್ರ ಇಲ್ಲ.

ಆ ಹತ್ತೊಂಬತ್ತು ದಿನ ಯಾಕೆ ಬೇಕು ಎಂದು ಹೇಳುತ್ತೇನೆ, ಕೇಳಿ. ನೆರೆಗೆ ಮುಂಚೆ ಮೂವತ್ತೊಂದನೇ ಮಾಪಕ ತೋರಿಸುತ್ತಿದ್ದ ಜಿನುಗು ನೆರೆಯ ನಂತರ ಎರಡರಷ್ಟಾಗಿತ್ತು, ಮತ್ತೆ ಇಳಿಯಲಿಲ್ಲ. ಅದು ಒಂದೇ ಏಟಿಗೆ ಜಿಗಿದಿದ್ದರೆ, ನೆರೆಯ ಹೊಡೆತಕ್ಕೆ ಮಾಪಕವೇ ಕದಲಿದೆ, ಗೋಡೆಗೆ ಏನೂ ಆಗಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿದ್ದರೆ, ಒಳಗೆ ಬಿರುಕು ಬೆಳೆದಿದೆ, ತುಂಬು ನೀರಿಗೆ ಗೋಡೆ ನಿಲ್ಲುವುದಿಲ್ಲ. ನಡುವಿನ ಅಳತೆ ನೋಡಿದರೆ ಮಗು ಕೂಡ ಹೇಳುತ್ತಿತ್ತು. ನೋಡಲು ಏನೂ ಇಲ್ಲವಾದ್ದರಿಂದ, ಅಂದಿನವರು ಹೆದರಿ, ಗೋಡೆಯ ಮೇಲೆ ಹಳದಿ ಗುರುತು ಬರೆದು, ನೀರು ಅದನ್ನು ದಾಟಕೂಡದು ಎಂದರು. ನೂರು ವರ್ಷ ದಾಟಲಿಲ್ಲ. ಈ ಮರುಮಳೆಯಲ್ಲಿ ಎಲ್ಲ ಗೇಟುಗಳನ್ನು ಎತ್ತಿದರೂ ನೀರು ಏರುತ್ತಿದೆ. ಇನ್ನು ಆರು ದಿನಕ್ಕೆ ಗುರುತು ದಾಟುತ್ತದೆ. ಬಿಳಿಗೊಂದಿಯ ಹನ್ನೊಂದು ಸಾವಿರ ಜನರನ್ನು ಎಬ್ಬಿಸಿ ಗುಡ್ಡಕ್ಕೆ ಸಾಗಿಸುವ ಆದೇಶಕ್ಕೆ, ನಾವು ಊರೆತ್ತು ಎನ್ನುವ ಆದೇಶಕ್ಕೆ, ತೇವಪಾಲಕಿಯ ಸಹಿ ಬೇಕು. ಒಮ್ಮೆ ಎತ್ತಿದ ಊರು ಮತ್ತೆ ಅದೇ ಜಾಗದಲ್ಲಿ ಕೂರುವುದಿಲ್ಲ, ಕಾನೂನೇ ಹಾಗಿದೆ.

ನಮ್ಮ ಅವ್ವ ಬಿಳಿಗೊಂದಿಯ ಕುಂಬಾರ ಓಣಿಯಲ್ಲಿದ್ದಾಳೆ. ಎಪ್ಪತ್ತೆರಡು ವರ್ಷ, ಈಗಲೂ ದಿನಾ ಒಲೆಯ ಮುಂದೆ ಕುಳಿತು ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ. ಮೊನ್ನೆ ಊರೆತ್ತಿನ ಸುದ್ದಿ ಹೇಳಿದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಊರು ಬಿಡು ಅಂದ್ರ ಯಾಕ ಅಂತ ಹೇಳಬೇಕಲ್ಲ. ಗ್ವಾಡಿ ಬೀಳ್ತದ ಅನ್ನು, ಈಗ ಏಳ್ತೀನಿ. ಬೀಳೂದಿಲ್ಲ ಅನ್ನು, ಇಲ್ಲೇ ಕುಂದರ್ತೀನಿ. ನಿನಗಽ ಗೊತ್ತಿಲ್ಲ ಅಂದ್ರ ನಾ ಯಾಕ ಬಿಡ್ಲಿ?" ಎಂದಳು. ಮೂವತ್ತು ವರ್ಷ ಗೋಡೆ ಮುಟ್ಟಿ ನೋಡಿದ ನಾನು ನೀರು ಕುಡಿದು ಎದ್ದು ಬಂದೆ. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಇಷ್ಟು ಹೊತ್ತು ಏಳು ಮಂದಿಗೂ ಹಂಚಿ ಬೈದೆ. ಉಳಿದಿದ್ದು ಒಬ್ಬರಿಗೆ. ಹಿಂಬರಹಕ್ಕೆಂದು ನಿನ್ನೆ ನಿಮ್ಮ ನಕ್ಷೆಯನ್ನು ಚೌಕಟ್ಟಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಎಡದಂಡೆಯ ಹತ್ತಿರ, ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಿಂದ ಉಜ್ಜಿದ ಗುರುತು ಕಂಡಿತು. "ನೆಲದಲ್ಲಿ ಎರಡೂ ಒಂದೇ ಗುಂಡಿಯೇ?" ಎಂದಿದೆ, ಪಕ್ಕದಲ್ಲಿ ಎರಡು ಅಕ್ಷರದ ಕಿರುಸಹಿ. ಸದಸ್ಯರ ಪಟ್ಟಿಗೆ ತಾಳೆ ನೋಡಿದೆ. ಏಳನೇ ಹೆಸರು, ಸಹಾಯಕ ಎಂಜಿನಿಯರ್ ಕಮಲಾಕ್ಷಿ ತಳವಾರ. ನಡಾವಳಿಯ ಕೊನೆಗೆ ನಿಮ್ಮ ಪೂರ್ತಿ ಸಹಿಯೂ ಇದೆ, ಶಾಯಿಯಲ್ಲಿ, ದುಂಡಗೆ. ಕಮಲಾಕ್ಷಿಯವರೇ, ಉಳಿದ ಆರು ಜನ ಹಾಳೆಯನ್ನು ನೋಡಿದರು. ನೀವು ಒಬ್ಬರೇ ನೆಲವನ್ನು ನೋಡಿದಿರಿ. ನೋಡಿ, ಬರೆದು, ಅಳಿಸಿ, ಸಹಿ ಹಾಕಿದಿರಿ. ಯಾರಾದರೂ ಗದರಿಸಿದರೋ, ಸಭೆಗೆ ತಡವಾಗುತ್ತಿತ್ತೋ, ಹೊಸಬಳಿಗೇಕೆ ಉಸಾಬರಿ ಎನಿಸಿತೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ದಾನಪ್ಪ ಬಳಿಗಾರರನ್ನು ನಾನು ನಾಳೆ ಮರೆಯಬಲ್ಲೆ. ನಿಮ್ಮನ್ನು ಮರೆಯಲಾರೆ.

ಇವತ್ತು ಬೆಳಿಗ್ಗೆ ಊರೆತ್ತಿನ ಸಭೆ ಇತ್ತು. ಜನರನ್ನು ಸಾಗಿಸುವ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಎರಡು ದಾರಿ, ಒಂದು ಕೆಂಪು, ಒಂದು ನೀಲಿ. ಒಂದು ಹಾಳೆಯ ಮೇಲಂಚಿನಲ್ಲಿ, ಒಂದು ಕೆಳಗಂಚಿನಲ್ಲಿ. ಆ ಓಣಿಗಳಲ್ಲಿ ಹುಟ್ಟಿ ಬೆಳೆದವಳು ನಾನು. ಇವೆರಡರಲ್ಲಿ ಯಾವ ದಾರಿ ಹಿಡಿದರೂ ಗುಡ್ಡ ಹತ್ತುವ ಮೊದಲು ಹಳ್ಳದ ಸೇತುವೆ ದಾಟಲೇಬೇಕು. ಇರುವುದು ಒಂದೇ ಸೇತುವೆ, ನೀರು ಈಗಾಗಲೇ ಅದರ ತೊಲೆ ಮುಟ್ಟಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಈ ಸಭೆಯ ಅಧ್ಯಕ್ಷ ಅಡಿವೆಪ್ಪನವರು "ಎರಡು ದಾರಿ ಅದಾವಲ್ಲ ತಂಗಿ, ಮತ್ತೇನು ಬೇಕು? ಸಹಿ ಮಾಡು, ಹೊತ್ತಾತು" ಎಂದರು. ಎಲ್ಲರೂ ನನ್ನನ್ನೇ ನೋಡಿದರು. ಆಗ ನನ್ನ ಕೈ ಎಲ್ಲಿಗೆ ಹೋಯಿತು ಎಂದು ನಿಮಗೆ ಹೇಳಲೇಬೇಕು. ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಯಿತು. ಅಂಚಿನಲ್ಲಿ ಸಣ್ಣಗೆ ಒಂದು ಪ್ರಶ್ನೆ ಬರೆದು, ಯಾರಾದರೂ ಕೇಳಿದರೆ ಮಾತಾಡೋಣ, ಕೇಳದಿದ್ದರೆ ಬಿಡೋಣ ಎಂದು ಮನಸ್ಸು ಹೇಳಿತು. ನೂರು ವರ್ಷದ ಸಿಟ್ಟನ್ನು ನಿಮ್ಮ ಮೇಲೆ ಹೊತ್ತುಕೊಂಡೇ ನಾನು ನೀವಾಗಿದ್ದೆ.

ಅಡಿವೆಪ್ಪನವರ ಪೆನ್ನು ಕಸಿದುಕೊಂಡು, ನಕ್ಷೆಯಲ್ಲಿ ಸೇತುವೆಗೆ ದೊಡ್ಡದಾಗಿ ಗುಂಡಗೆ ಸುತ್ತುಹಾಕಿ, "ಇದು ಒಂದೇ ದಾರಿ, ಸಹಿ ಇಲ್ಲ" ಎಂದು ಶಾಯಿಯಲ್ಲಿ ಬರೆದೆ. ದೊಡ್ಡ ಗಲಾಟೆಯಾಗಿ, ಕೊನೆಗೆ ಸೇತುವೆ ತಾಕದೆ ಗುಡ್ಡ ಹತ್ತುವ ಹಳೇ ಕಲ್ಲುಕ್ವಾರಿಯ ದಾರಿ ಹಿಡಿಯುವುದೆಂದಾಯಿತು. ಅದನ್ನು ತೆರವು ಮಾಡಲು ಎರಡು ದಿನ ಬೇಕು, ಜನರನ್ನು ಸಾಗಿಸಲು ಮೂರು ದಿನ, ಕೈಯಲ್ಲಿರುವುದು ಆರು ದಿನ. ಉಳಿಯುವ ಒಂದು ದಿನದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ತಪ್ಪು ನನ್ನದೇ ಎಂದು ನಡಾವಳಿಯಲ್ಲಿ ಬರೆಸಿದ್ದಾರೆ. ಬರೆಸಲಿ. ಅವ್ವನ ಕುಂಬಾರ ಓಣಿ ಕ್ವಾರಿ ದಾರಿಯ ಪಟ್ಟಿಯಲ್ಲಿ ಕೊನೆಯದು, ಅದೂ ನನಗೆ ಗೊತ್ತು.

ಹಿಂಬರಹ ನಿಮಗೆ ಮುಟ್ಟುತ್ತದೆ ಎಂದು ನಾನು ಈವರೆಗೆ ನಂಬಿದವಳಲ್ಲ. ಇವತ್ತು ನಂಬಬೇಕೆನಿಸಿದೆ. ಆರು ಮಂದಿಗೆ ನನ್ನಲ್ಲಿ ಬೇರೆ ಮಾತಿಲ್ಲ, ಅವರು ಕಲ್ಲಿನ ಮೇಲಿನ ತಮ್ಮ ಹೆಸರು ನೋಡಿಕೊಂಡು ಸುಖವಾಗಿರಲಿ. ಕಮಲಾಕ್ಷಿಯವರೇ, ಆ ಕೊನೆಯ ಸಭೆ ನಿಮಗೆ ಇನ್ನೂ ಬಂದಿಲ್ಲವಾದರೆ, ಹದಿನಾಲ್ಕನೇ ವಿಷಯ ಓದುವಾಗ ಪೆನ್ಸಿಲ್ ಕೆಳಗಿಡಿ, ಪಕ್ಕದವರ ಪೆನ್ನು ಕೇಳಿ ತೆಗೆದುಕೊಳ್ಳಿ. ಧೂಳೆದ್ದರೆ ಏಳಲಿ, ಎರಡು ಗುಂಡಿ ತೋಡಿಸಿ. ನಾಳೆ ನಾನು ಅವ್ವನ ಒಲೆಯ ಮುಂದೆ ಕುಳಿತು, ಗೋಡೆ ಬೀಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಹಾಗಾದರೆ ಯಾರಿಗೆ ಗೊತ್ತಿರಬೇಕಿತ್ತು ಎಂದು ಅವಳು ಕೇಳದೆ ಬಿಡುವುದಿಲ್ಲ. ನಿಮ್ಮ ಪಟ್ಟಿ ತೆಗೆದು ಒಂದೊಂದೇ ಹೆಸರು ಓದುತ್ತೇನೆ. ಆರನೆಯದಕ್ಕೆ ನಿಲ್ಲಿಸಬೇಕೋ ಏಳನೆಯದನ್ನೂ ಓದಬೇಕೋ ಎಂಬುದು ನಿಮ್ಮ ಕೈಯಲ್ಲಿದೆ.

ಮಾದೇವಿ ಕಂಬಳಿ
ತೇವಪಾಲಕಿ
(ಶಾಯಿಯಲ್ಲಿ)